ಹಗೇವು ತೆಗೆಯದ ವರ್ಷಗಳು

ಅಂದು ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ಗಂಡ ಒಲೆಯ ಹತ್ತಿರ ಕುಳಿತು, ಮೊರದಲ್ಲಿದ್ದ ಜೋಳದ ಕಾಳೊಂದನ್ನು ಬಾಯಿಗೆ ಹಾಕಿ ಕಡಿದರು. ಕಟ್ ಎಂದು ಸದ್ದಾಯಿತು. ಹಾಗೆ ಸದ್ದಾದರೆ ಕಾಳು ಚೆನ್ನಾಗಿ ಒಣಗಿದೆ, ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ ಎಂದರ್ಥ. ಜೋಳ ಕಂಡಲ್ಲೆಲ್ಲ ಅವರು ಹಾಗೆ ಒಂದು ಕಾಳು ಕಡಿಯುವವರೇ.

"ಮನ್ಯಾಗಿನ ಜೋಳಾನೂ ಪರೀಕ್ಷಾ ಮಾಡ್ತಿಯಲ್ಲೋ ಯಪ್ಪಾ, ನಾಳೆ ಹೇಂತೀನೂ ಕಡದ ನೋಡ್ತಿ ಏನು?" ಎಂದರು ನನ್ನ ಅತ್ತೆ.

"ಆಕಿನ್ನ ನೋಡೇ ತಂದೇನಿ ಬೇ, ಮತ್ಯಾಕ ಕಡೀಲಿ?" ಎಂದು ಇವರು ನಕ್ಕರು. ನಾನು ತಲೆ ಎತ್ತಲಿಲ್ಲ. ರೊಟ್ಟಿ ಸೀದಿತು.

ಉಂಡು ಎದ್ದವರು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊಸ ಕೆರ ಮೆಟ್ಟಿದರು. "ಬಬಲೇಶ್ವರಕ ಹೋಗಿ ಬರ್ತೇನಿ. ಅಲ್ಲೊಬ್ರು ಹಳೇ ಜೋಳ ಮಾರ್ತಾರಂತ. ಲಗೂನ ಬಂದ್ರ ಹಗೇವಿನ ಬಾಯಿ ಒಂದೀಟ ನೋಡಬೇಕು. ಮಳಿ ನೀರು ಒಳಗ ಜಿನಗಾಕತ್ತೈತೋ ಏನೋ," ಎಂದರು. ಉತ್ತರಿ ಮಳೆಯ ದಿನಗಳು. ಮೋಡ ಇತ್ತು, ಮಳೆ ಇರಲಿಲ್ಲ. ಅವರು ತಿಕೋಟಾದ ಬೀದಿ ಹಿಡಿದು ನಡೆದು ಹೋದರು. ನಾನು ಬಾಗಿಲಲ್ಲಿ ನಿಂತು ನೋಡಲೂ ಇಲ್ಲ. ಒಲೆಯ ಮೇಲೆ ಹಾಲಿತ್ತು.

ನಮ್ಮ ಹಿತ್ತಲಿನ ಹಗೇವಿನ ಮಾತು ಇಲ್ಲಿ ಹೇಳಬೇಕು. ನೆಲದಲ್ಲಿ ಆಳವಾಗಿ ತೋಡಿ, ಸುತ್ತಲೂ ಹುಲ್ಲು ಹಾಸಿ, ಜೋಳ ತುಂಬಿ, ಸಣ್ಣ ಬಾಯಿಗೆ ಕಲ್ಲು ಮುಚ್ಚಿ, ಅದರ ಮೇಲೆ ಮಣ್ಣು ಮೆತ್ತುತ್ತಾರೆ. ಒಬ್ಬ ಮನುಷ್ಯ ಮೈ ಹಿಡಿ ಮಾಡಿಕೊಂಡು ಇಳಿಯುವಷ್ಟೇ ಬಾಯಿ. ಒಳಗೆ ಗಾಳಿ ಸತ್ತಿರುತ್ತದೆ. ತೆಗೆದ ಕೂಡಲೇ ಇಳಿದವರು ಮೇಲೆ ಬಂದದ್ದು ಕಡಿಮೆ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು ರೂಢಿ. ಕಂದೀಲು ಆರಿದರೆ ಕಾಯಬೇಕು. ಇನ್ನೊಂದು ಮಾತು: ಹಗೇವನ್ನು ಸ್ವಲ್ಪ ತೆಗೆದು ಇಣುಕಿ ಮತ್ತೆ ಮುಚ್ಚಲು ಬರುವುದಿಲ್ಲ. ಒಮ್ಮೆ ಗಾಳಿಯಾಡಿದರೆ ಜೋಳಕ್ಕೆ ಹುಳು ಹತ್ತುತ್ತದೆ. ತೆಗೆದರೆ ಪೂರ್ತಿ ತೆಗೆಯಬೇಕು, ಇಲ್ಲವಾದರೆ ಮುಟ್ಟಬಾರದು.

ಆ ಹಗೇವಿನಲ್ಲಿ ಜೋಳವಾಗಿ ಇದ್ದದ್ದು ನನ್ನ ಪಾಟಲಿ, ಬಂಗಾರದ ಬಳೆ. ಯುದ್ಧ ಶುರುವಾಗಿ ಮಂದಿ ಹೆದರಿ ಬಂಗಾರ ಕೊಳ್ಳತೊಡಗಿದಾಗ ಇವರು ನನ್ನನ್ನು ವಿಜಾಪುರಕ್ಕೆ ಕರೆದುಕೊಂಡು ಹೋಗಿ, ನನ್ನ ಕೈಯ ಪಾಟಲಿಗಳನ್ನು ನನ್ನ ಕೈಯಿಂದಲೇ ತೆಗೆಸಿ ಮಾರಿದ್ದರು. ಆ ವರ್ಷ ಸುಗ್ಗಿ ಬಲವಾಗಿತ್ತು. ಜೋಳ ಅಗ್ಗವಾಗಿ ಅಂಗಡಿಗಳ ಮುಂದೆ ಬಿದ್ದಿತ್ತು. ಪೇಟೆಯ ಅಡತಿ ಸಾಹುಕಾರರೊಬ್ಬರು ತೊಡೆ ತಟ್ಟಿಕೊಂಡು ನಕ್ಕರು.

"ಬಂಗಾರ ಮಾರಿ ಜೋಳ ಕೊಳ್ಳೂ ಶಾಣ್ಯಾನ್ನ ಇವತ್ತ ನೋಡಿದೆ ನೋಡ್ರಿ!"

"ಸಾಹುಕಾರ್ರ, ಬಂಗಾರಕ ಮಂದಿ ಮುಕರ್ಯಾರ. ಜೋಳ ಯಾರೂ ಕೇಳವಲ್ರು. ಎಲ್ಲಾರೂ ಒಲ್ಲೆ ಅನ್ನೂದನ್ನ ನಾ ತಗೋತೇನಿ, ಎಲ್ಲಾರೂ ಬೇಕು ಅನ್ನೂದನ್ನ ಕೊಡ್ತೇನಿ. ಇದರಾಗ ನಗೂದೇನೈತ್ರಿ?"

ಬರುವಾಗ ಬಂಡಿಯಲ್ಲಿ ನಾನು ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದೆ. ಅವರು ಕೆಳದನಿಯಲ್ಲಿ ಹೇಳಿದರು: "ಬೆಲಿ ಅಂದ್ರ ಇವತ್ತ ಪ್ಯಾಟ್ಯಾಗ ಮಂದಿ ಒದರೂದು. ಕಿಮ್ಮತ್ತು ಅಂದ್ರ ಒಂದು ಚೀಲ ಎಷ್ಟು ಮಂದಿ ಹೊಟ್ಟಿ ತುಂಬಸ್ತೈತಿ ಅನ್ನೂದು. ಒದರೂದು ದಿನಾ ಬದಲಾಗ್ತೈತಿ. ಹೊಟ್ಟಿ ಇದ್ದಷ್ಟ ಇರ್ತೈತಿ." ಹಗೇವು ಮುಚ್ಚಿದ ಮೇಲೆ ಪೇಟೆಯ ಕಡೆ ಕಿವಿ ಕೊಡಬಾರದು ಎಂದೂ ಹೇಳಿದರು. ಸಾಲ ಮಾಡಿ ಕೊಂಡಿರಲಿಲ್ಲ, ನಾವು ಉಣ್ಣುವ ಜೋಳವನ್ನು ಅದರಲ್ಲಿ ಬೆರೆಸಿರಲಿಲ್ಲ. "ಉಣ್ಣೂ ಜೋಳ ಬ್ಯಾರೆ, ಇಡೂ ಜೋಳ ಬ್ಯಾರೆ. ಅಂದ್ರ ಕಾಯಾಕ ಧೈರ್ಯ ಬರ್ತೈತಿ." ನಾನು ಕನ್ನಡ ಸಾಲಿ ಕಲಿತವಳು. ಪುಸ್ತಕದಲ್ಲಿ ಈ ಲೆಕ್ಕ ಇರಲಿಲ್ಲ.

ಅವರು ಬಬಲೇಶ್ವರಕ್ಕೆ ಹೋದ ದಿನ ಮಧ್ಯಾಹ್ನ ನಾನೂ ಅತ್ತೆಯೂ ತೊರವಿಯಲ್ಲಿ ನಮ್ಮವರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದೆವು. ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಯಾವಾಗಿನಂತೆ ಗೋಡೆಯ ಗೂಡಿನಲ್ಲಿಟ್ಟೆವು. ಸಂಜೆ ಆಕಾಶ ಹರಿದು ಬಿದ್ದಂತೆ ಮಳೆಯಾಯಿತು. ಬಂಡಿ ಹೂಡಲು ಆಗಲಿಲ್ಲ, ತೊರವಿಯಲ್ಲೇ ಉಳಿದೆವು. ಮರುದಿನ ಬೆಳಗ್ಗೆ ಬಂದಾಗ ಮನೆಯ ಕೀಲಿ ಹಾಕಿದ್ದಂತೆಯೇ ಇತ್ತು. ಹಿತ್ತಲಿನಲ್ಲಿ ಮಾತ್ರ ಹಗೇವಿನ ಮೇಲಿನ ಮಣ್ಣು ಕುಸಿದು ತಗ್ಗಾಗಿ, ಕೆಸರು ನಿಂತಿತ್ತು. ಕೆಳಗಿನ ಕಲ್ಲು ಕಾಣುತ್ತಿರಲಿಲ್ಲ.

"ಅಯ್ಯ ನನ್ನವ್ವ, ಜೋಳ ಹೋತು!" ಎಂದರು ಅತ್ತೆ. ಕಾಲು ತೊಳೆಯಲೂ ನಿಲ್ಲಲಿಲ್ಲ. ಕೊಟ್ಟಿಗೆಯೊಳಗಿಂದ ಒಣಮಣ್ಣು ಹೊತ್ತು ತಂದು ಸುರಿದು, ಸೀರೆ ಮೇಲೆ ಕಟ್ಟಿಕೊಂಡು ತುಳಿದರು. ನಾನೂ ತುಳಿದೆ. ಮಳೆ ಬಿದ್ದ ಮೇಲೆ ನಮ್ಮ ಕಡೆ ಯಾರಾದರೂ ಮಾಡುವ ಕೆಲಸವೇ ಅದು. ತುಳಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ಆಮೇಲೆ ಚಹಾ ಕುಡಿದೆವು. ಮಳೆಗೆ ಸಿಕ್ಕು ಅವರು ಬಬಲೇಶ್ವರದಲ್ಲೇ ಉಳಿದಿರಬೇಕು ಎಂದುಕೊಂಡೆವು.

ಅವರು ಬರಲಿಲ್ಲ. ಹೋಗಿ ವಿಚಾರಿಸಿದಾಗ, ಜೋಳ ಮಾರುವವರು ಅವರು ತಮ್ಮಲ್ಲಿಗೆ ಬಂದೇ ಇಲ್ಲ ಎಂದರು. ನಿಡೋಣಿಯ ಒಬ್ಬ ಬಂಡಿಯವನು ಮಾತ್ರ, ಕಂಬಳಿ ಹೊತ್ತವರೊಬ್ಬರು ಅರ್ಧ ದಾರಿಯಲ್ಲಿ ಮೋಡ ನೋಡುತ್ತ ನಿಂತದ್ದನ್ನು ಕಂಡೆ, ಆಮೇಲೆ ಹಿಂದಿರುಗಿದರೋ ಮುಂದೆ ಹೋದರೋ ನೋಡಲಿಲ್ಲ ಎಂದ. ಅಂದು ಸಂಜೆ ದಾರಿಯ ಡೋಣಿ ಹೊಳೆ ದಡ ಮೀರಿ ಹರಿದಿತ್ತು. ಊರವರು ಡೋಣಿಯ ದಂಡೆಯುದ್ದಕ್ಕೂ ಹುಡುಕಿದರು. ಕೊನೆಗೆ ಡೋಣಿ ಒಯ್ದಿತು ಎಂದು ನಿರ್ಧಾರ ಮಾಡಿ ಸುಮ್ಮನಾದರು.

ನಾವಿಬ್ಬರು ಸುಮ್ಮನಾಗಲಿಲ್ಲ, ಮಾತೂ ಆಡಲಿಲ್ಲ. ತೊರವಿಯಿಂದ ಬಂದ ಬೆಳಗ್ಗೆ ನಾನು ಇನ್ನೊಂದನ್ನು ನೋಡಿದ್ದೆ. ದನದ ಕೊಟ್ಟಿಗೆಯ ಒಳಗಿರುವ ಸಲಿಕೆ ಹೊರಗೆ ಗೋಡೆಗೆ ಒರಗಿತ್ತು. ಅದರಿಂದಲೇ ಅತ್ತೆ ಮಣ್ಣು ಎಳೆದಿದ್ದರು. ಹೊರಗಿಟ್ಟವಳು ನಾನೆಂದು ಅವರು ತಿಳಿದರು, ಅವರೆಂದು ನಾನು ತಿಳಿದೆ. ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅತ್ತೆ ಅಕ್ಕಿ ಆರಿಸುತ್ತ ಕೇಳಿದರು.

"ಅಂದ ಸಲಿಕಿ ಹೊರಗ ನೀ ಇಟ್ಟಿದ್ದೇನ ಬೇ?"

"ಇಲ್ರಿ ಯತ್ತೀ. ನೀವಲ್ಲೇನ್ರಿ?"

ಅವರ ಕೈ ಮೊರದಲ್ಲೇ ನಿಂತಿತು. ಮತ್ತೆ ಅಕ್ಕಿ ಆರಿಸತೊಡಗಿದರು. ಆ ಮಾತು ಮುಂದೆ ಯಾವತ್ತೂ ನಮ್ಮ ಮನೆಯಲ್ಲಿ ಬರಲಿಲ್ಲ. ಲಗೂನೆ ಬಂದರೆ ಹಗೇವು ನೋಡಬೇಕು ಎಂದು ನನ್ನ ಗಂಡ ಅಂದಿದ್ದರಲ್ಲ. ಬಂದಿದ್ದರೆ? ಕಲ್ಲು ಸರಿಸಿ ಇಳಿದಿದ್ದರೆ? ಆಮೇಲೆ ಆ ಮಳೆ, ಆ ಕೆಸರು, ಅದರ ಮೇಲೆ ನಮ್ಮ ಕಾಲು.

ಅಂದಿನಿಂದ ಅತ್ತೆ ಹಿತ್ತಲಿನಲ್ಲಿ ಹೆಜ್ಜೆ ಸದ್ದಾಗದಂತೆ ನಡೆಯತೊಡಗಿದರು. ಶುಕ್ರವಾರ ಹಿತ್ತಲನ್ನೆಲ್ಲ ಸಾರಿಸಿದರೂ ಹಗೇವಿನ ಮೇಲೆ ಕೈ ಇಡುತ್ತಿರಲಿಲ್ಲ. ಕರಿಯ ನೆಲದ ನಡುವೆ ಬೂದಿ ಬಣ್ಣದ ಒಂದು ಸುತ್ತು ಉಳಿದುಬಿಟ್ಟಿತು. ಎಮ್ಮೆ ಅದರ ಮೇಲೆ ಮಲಗುವುದನ್ನು ಬಿಟ್ಟಿತು. ಚಳಿಗಾಲದ ಬೆಳಗ್ಗೆ ಹಿತ್ತಲೆಲ್ಲ ಇಬ್ಬನಿಯಲ್ಲಿ ನೆನೆದಿದ್ದರೆ ಆ ಸುತ್ತು ಮಾತ್ರ ಒಣಗಿರುತ್ತಿತ್ತು. ಅಂಗೈ ಇಟ್ಟರೆ ಬೆಚ್ಚಗೆ. ಒಳಗೆ ಕಾಳು ಉಸಿರಾಡುತ್ತದೆ, ಅದಕ್ಕೆ ನೆಲ ಬೆಚ್ಚಗಾಗುತ್ತದೆ ಎಂದು ಹಿಂದೆ ನನ್ನ ಗಂಡನೇ ನನಗೆ ಹೇಳಿದ್ದರು. ಅವರ ಮಾತಿನಿಂದಲೇ ನಾನು ಸಮಾಧಾನ ತಂದುಕೊಳ್ಳಬೇಕಾಗಿತ್ತು, ಆ ಸಮಾಧಾನ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಆ ಸುತ್ತಿನ ಅಂಚಿಗೆ ಜೋಳದ ಮೊಳಕೆ ಬಂದವು. ಒಂದೇ ಕಡೆ, ಯಾರೋ ಒಳಗಿನಿಂದ ಒಂದು ಹಿಡಿ ತೆಗೆದು ನೋಡಿ ಚೆಲ್ಲಿದಂತೆ. ಹಗೇವು ತುಂಬುವಾಗ ಚೆಲ್ಲಿದ ಕಾಳೇ ಇದ್ದೀತು. ಆದರೆ ತುಂಬಿದ ವರ್ಷದ ಮಳೆಗೆ ಅವು ಹುಟ್ಟಿರಲಿಲ್ಲ. ಅತ್ತೆ ಬೆಳಗ್ಗೆ ಎದ್ದು ಅವನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದರು. ನಾನು ಮುಸುರೆ ತಿಕ್ಕುತ್ತ ಕುಳಿತಿದ್ದೆ. ನೋಡದವಳಂತೆ ತಿಕ್ಕಿದೆ.

ಜೋಳದ ಬೆಲೆ ಏರತೊಡಗಿತು. ಅಂದು ನಕ್ಕಿದ್ದ ಸಾಹುಕಾರರು ತಾವೇ ತಿಕೋಟಾಕ್ಕೆ ಬಂದರು. ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು ಹೇಳಿದರು.

"ಅವ್ವಾರ, ನಿಮ್ಮ ಮಗಾ ಖರೇನ ಶಾಣ್ಯಾ ಇದ್ದ. ನಾ ನಕ್ಕಿದ್ದು ತಪ್ಪಾತು. ಈಗ ತಗಸ್ರಿ. ಇದಕಿಂತ ಮ್ಯಾಲೆ ಬೆಲಿ ಹೋಗಂಗಿಲ್ಲ."

"ಹೋಗ್ತೈತ್ರಿ, ಸಾಹುಕಾರ್ರ," ಎಂದರು ಅತ್ತೆ. "ಕಾಯ್ತೇವಿ."

ಬೆಲೆ ಇನ್ನೂ ಮೇಲೆ ಹೋಯಿತು. ಸಾಹುಕಾರರು ಮತ್ತೆ ಬಂದರು, ಮತ್ತೆ ಅದೇ ಉತ್ತರ ಕೇಳಿ ಹೋದರು. ಬಾವಿಯ ಹತ್ತಿರ ಹೆಂಗಸರು, "ಅತ್ತಿ ಸೊಸಿ ಎದಿ ಗಟ್ಟಿ ನೋಡವಾ. ಗಂಡಸ್ರ ಆಗಿದ್ರ ಎಂದೋ ಮಾರಿ ಉಂಡಿರ್ತಿದ್ರು," ಎನ್ನುತ್ತಿದ್ದರು. ನಾನು ಕೊಡ ತುಂಬಿಕೊಂಡು ಬರುತ್ತಿದ್ದೆ. ಎಮ್ಮೆಯ ತುಪ್ಪ ಮಾರಿ, ಪಾಲಿಗೆ ಕೊಟ್ಟ ಹೊಲದಿಂದ ಬಂದದ್ದರಲ್ಲಿ ಉಂಡು ನಾವು ಬದುಕಿದೆವು. ಉಣ್ಣುವ ಜೋಳ ಬೇರೆ ಇಟ್ಟರೆ ಕಾಯಲು ಧೈರ್ಯ ಬರುತ್ತದೆ ಎಂದು ಇವರು ಹೇಳಿದ್ದರು. ನಮಗೆ ಬಂದದ್ದು ಧೈರ್ಯವಲ್ಲ. ತೆಗೆಯದೆ ಇರುವ ಅನುಕೂಲ ಅಷ್ಟೆ. ತೆಗೆಯುವವರೆಗೆ ನನ್ನ ಹಣೆಯ ಮೇಲೆ ಕುಂಕುಮ ಇತ್ತು, ಅತ್ತೆಗೊಬ್ಬ ಮಗನಿದ್ದ.

ಆಮೇಲೆ ಮಳೆ ಹೋದ ವರ್ಷ ಬಂತು. ಪೇಟೆಯಲ್ಲಿ ಜೋಳ ಕಾಣದಾಯಿತು. ಒಂದು ಮಧ್ಯಾಹ್ನ ಓಣಿಯ ಹೆಂಗಸೊಬ್ಬಳು ಬರಿ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಳು. "ಅವ್ವಾರ, ರೊಕ್ಕ ತಂದೇನ್ರಿ. ರೊಕ್ಕ ಕೊಟ್ರೂ ಎಲ್ಲೂ ಜೋಳ ಸಿಗವಲ್ವು. ಹುಡುಗ್ರು ನಿನ್ನಿಯಿಂದ ಪುಂಡಿಪಲ್ಯಾ ತಿಂದಾವ್ರಿ," ಎಂದಳು. ಹೇಳುತ್ತ ಹೇಳುತ್ತ ದಣಿದು, ಗೊತ್ತಿಲ್ಲದೆ ಹಗೇವಿನ ಸುತ್ತಿನ ಮೇಲೆಯೇ ಬುಟ್ಟಿ ಇಟ್ಟು ಅದರ ಪಕ್ಕ ಕುಕ್ಕರಿಸಿದಳು. ಅತ್ತೆ ಬಹಳ ಹೊತ್ತು ಆ ಬುಟ್ಟಿಯನ್ನು ನೋಡಿದರು. ನಮ್ಮ ಉಣ್ಣುವ ಜೋಳದಿಂದ ಅವಳ ಬುಟ್ಟಿ ತುಂಬಿ ಕಳಿಸಿದರು.

ಅವಳು ಹೋದ ಮೇಲೆ ಹೇಳಿದರು: "ನಾಳೆ ತಗಸೂಣು ಬೇ."

"ಯತ್ತೀ..."

"ಅವ ಇದಕಂತನ ಇಟ್ಟಿದ್ದ." ನನ್ನ ಮುಖ ನೋಡಿದರು. "ನಾಳೆ ಬಂದದ್ದು ಬರ್ಲಿ. ಇವತ್ತ ಕುಂಕುಮಾ ದೊಡ್ಡದಾಗಿ ಹಚ್ಚು."

ಹಗೇವು ತೆಗೆಯುವ ಮುದುಕನೊಬ್ಬ ಊರಲ್ಲಿದ್ದ. ಅವನು ಮಣ್ಣು ಬಿಡಿಸಿದ. ಕಲ್ಲು ಬಾಯಿಯ ಮೇಲೆಯೇ ಇತ್ತು, ಆದರೆ ಒಂದು ಕಡೆ ಸರಿದು ಓರೆಯಾಗಿತ್ತು. "ಮಳಿಗೆ ಮಣ್ಣ ಕುಸದ್ರ ಹಿಂಗ ಆಗ್ತೈತ್ರಿ," ಎಂದ. ಕಲ್ಲು ತೆಗೆದಾಗ ಹುಳಿ ಹುಳಿಯಾದ, ಬೆಚ್ಚಗಿನ ವಾಸನೆ ಮೇಲೆ ಬಂತು. ಕಂದೀಲು ಇಳಿಬಿಟ್ಟ. ಮೊಳದಷ್ಟು ಇಳಿಯುತ್ತಲೇ ಜ್ಯೋತಿ ಸಣ್ಣದಾಗಿ ನೀಲಿಯಾಗಿ ಆರಿತು.

"ಇವತ್ತಾಗೂದಿಲ್ರಿ. ಗಾಳಿ ಆಡ್ಲಿ," ಎಂದು ಬಾಯಿಗೆ ಮುಳ್ಳು ಹಚ್ಚಿ ಹೋದ.

ಅತ್ತೆ ಆ ಬಾಯಿಯ ಹತ್ತಿರವೇ ಬಿಸಿಲಲ್ಲಿ ಕುಳಿತರು. ನಾನು ಕರೆದರೂ ಉಣ್ಣಲು ಏಳಲಿಲ್ಲ. ಹೊತ್ತು ಇಳಿಯುವಾಗ ಬಗ್ಗಿ, ಮುಳ್ಳಿನ ನಡುವೆ ಬಾಯಿ ಇಟ್ಟು ಕೇಳಿದರು: "ಯಪ್ಪಾ, ಅದೀ ಏನೋ?" ಅವರದೇ ದನಿ ಒಳಗೆ ಸುತ್ತಿ, ದಪ್ಪವಾಗಿ, ತಡವಾಗಿ ಹಿಂದೆ ಬಂತು. ಗಂಡಸಿನ ದನಿಯಂತೆ. ಅತ್ತೆ ನನ್ನತ್ತ ತಿರುಗಿದರು. ಮತ್ತೆ ಕೂಗಲಿಲ್ಲ.

ಮರುದಿನ ಕಂದೀಲು ಆರಲಿಲ್ಲ. ಮುದುಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಒಳಗಿನಿಂದ ಕೂಗಿದ: "ಜೋಳ ಐತ್ರಿ ಅವ್ವಾರ! ಬಂಗಾರದಂಗ ಐತಿ!"

"ಮತ್ತ?"

"ಮತ್ತೇನಿಲ್ರಿ. ನಡುವ ಒಂದೀಟ ತಗ್ಗ ಬಿದ್ದೈತಿ. ಯಾರರೆ ಕುಂತ ಎದ್ದಂಗ. ಕಾಳ ಇಳದ್ರ ಹಂಗ ಆಗ್ತೈತ್ರಿ."

ಬುಟ್ಟಿಯ ಮೇಲೆ ಬುಟ್ಟಿ ಮೇಲೆ ಬಂತು. ಅತ್ತೆ ಪ್ರತಿ ಬುಟ್ಟಿಯಲ್ಲೂ ಮೊಣಕೈವರೆಗೆ ಕೈ ಹಾಕಿ ತಡವಿದರು. ಕಾಳು ನೋಡುತ್ತಾರೆ ಎಂದು ಮುದುಕನ ಆಳುಗಳು ತಿಳಿದರು. ಕೊನೆಗೆ ತಳದ ಹುಲ್ಲು ಬಂತು. ಹುಲ್ಲನ್ನೂ ಕೊಡವಿ ನೋಡಿದೆವು. ಅಲ್ಲಿ ಏನೂ ಇರಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಅತ್ತೆ ಮಾತ್ರ, ಮಗ ಹೋದ ದಿನದಿಂದ ಅಳದಿದ್ದವರು, ಅಂದು ಅತ್ತರು. "ಇಲ್ಲಿ ಅದಾನಂತ ತಿಳಿದಿದ್ನಲ್ಲ ಬೇ," ಎಂದರು. "ಇಲ್ಲಿಯರೆ ಇದ್ದ." ಆಗ ನನಗೂ ತಿಳಿಯಿತು. ಇಷ್ಟು ವರ್ಷ ನಾವು ಹೆದರಿದ್ದ ಆ ಜಾಗವೊಂದೇ ನಮಗಿದ್ದ ಅವರ ವಿಳಾಸವಾಗಿತ್ತು.

ಜೋಳವನ್ನು ಸಾಹುಕಾರರಿಗೆ ಕೊಡಲಿಲ್ಲ. ಓಣಿಯವರಿಗೆ, ಊರವರಿಗೆ, ಪೇಟೆಯ ಬೆಲೆಗಿಂತ ಕಡಿಮೆಗೆ ಮಾರಿದೆವು. ಕಡೆಯ ಆಣೆಗೆ ಆಸೆ ಪಡಬಾರದು, ಅದು ಕೊಳ್ಳುವವನ ಪಾಲು ಎಂದು ನನ್ನ ಗಂಡ ಹೇಳುತ್ತಿದ್ದರು. ಹಾಗೆ ಮಾರಿದರೂ ಬಂದ ಹಣದಲ್ಲಿ ನನ್ನ ಪಾಟಲಿ ಹಿಂದೆ ಬಂದವು, ಉಳಿದದ್ದಕ್ಕೆ ಇನ್ನೊಂದು ಎಮ್ಮೆಯೂ ಬಂತು. ಒಂದು ಕಾಳೂ ಹಾಳಾಗಿರಲಿಲ್ಲ. ಅವರ ಲೆಕ್ಕ ಎಲ್ಲಿಯೂ ತಪ್ಪಲಿಲ್ಲ.

ಅತ್ತೆ ಈಗಿಲ್ಲ. ಹಗೇವನ್ನು ಮತ್ತೆ ತುಂಬಲಿಲ್ಲ, ಕಲ್ಲು ಮುಚ್ಚಿಟ್ಟಿದ್ದೇನೆ. ಚಳಿಗಾಲದ ಬೆಳಗ್ಗೆ ಈಗಲೂ ಅಲ್ಲಿ ಇಬ್ಬನಿ ನಿಲ್ಲುವುದಿಲ್ಲ. ಒಳಗೆ ಉಸಿರಾಡಲು ಕಾಳಿಲ್ಲ. ಏಕೆಂದು ಕೇಳಲು ನನ್ನ ಗಂಡನೂ ಇಲ್ಲ. ಹೊಸ ಪಾಟಲಿ ಕೈಯಲ್ಲಿವೆ, ಕುಂಕುಮ ಹಣೆಯಲ್ಲಿದೆ. ಅಂದು ಸಲಿಕೆಯನ್ನು ಹೊರಗೆ ತಂದವರು ಯಾರೆಂದು ಗೊತ್ತಾಗಲಿಲ್ಲ. ಅವರ ಕಂಬಳಿ ಸಿಕ್ಕಿಲ್ಲ, ಕೆರ ಸಿಕ್ಕಿಲ್ಲ, ಅವರು ಸಿಕ್ಕಿಲ್ಲ.