ಅಂಗಳದ ಆಚೆಯ ಖಾಲಾ

ಮೊನ್ನೆ ಮುದ್ದೇಬಿಹಾಳದ ನಮ್ಮ ಓಣಿಯ ಗಟಾರಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಹೋದರು. ಆ ವಾಸನೆ ಅಡಿಗೆಮನೆಯವರೆಗೂ ಬಂತು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತೇಬಿಟ್ಟಿತು. ಬಸವನ ಬಾಗೇವಾಡಿಯ ಹೊರಗಿನ, ದಿನವೂ ಇದೇ ವಾಸನೆ ತುಂಬಿರುತ್ತಿದ್ದ ಆ ಹಾಸ್ಟೆಲು, ಕಬ್ಬಿಣದ ಮಂಚ, ಎದುರು ಕಿಟಕಿಯ ಖಾಲಾ...

ಕೊರೊನಾದ ಮೊದಲ ಬೇಸಿಗೆ ಅದು. ಪುಣೆಯಲ್ಲಿ ಟೆಂಪೊ ಓಡಿಸುತ್ತಿದ್ದ ನನ್ನ ಗಂಡ ಅಲ್ಲೇ ಉಳಿದು, ನನ್ನನ್ನೂ ನಾಲ್ಕು ವರ್ಷದ ಮಗಳನ್ನೂ ಬಸ್ಸು ಹತ್ತಿಸಿದ್ದರು. ಊರು ಮುಟ್ಟುವ ಮೊದಲೇ ನಮ್ಮನ್ನು ಇಳಿಸಿಕೊಂಡು ಹಾಸ್ಟೆಲಿನ ಕೋಣೆಯೊಂದರಲ್ಲಿ ಕ್ವಾರಂಟೈನ್ ಮಾಡಿದರು. ಊಟ ತರುವವರು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಸರಕ್ಕನೆ ಹಿಂದೆ ಸರಿಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ನಾನು ಮಗಳ ಮೂಗು ಬಾಯಿಗೆ ಸೆರಗು ಒತ್ತುತ್ತಿದ್ದೆ. ಸ್ನಾನ ಬೇಡ, ಊಟ ಸೇರದು. ಗೋಡೆಗೊರಗಿ ಕೂತು ಅವಳ ಹಣೆ ಮುಟ್ಟಿ ಮುಟ್ಟಿ ನೋಡುವುದೊಂದೇ ನನ್ನ ಕೆಲಸವಾಗಿತ್ತು.

ಅಂಗಳದ ಆಚೆ, ನಮ್ಮ ಕಿಟಕಿಗೆ ಎದುರಾಗಿ, ಮುಂಬೈಯಲ್ಲಿ ಮಗಳ ಬಾಣಂತನ ಮುಗಿಸಿ ಬಂದಿದ್ದ ಕೊಲ್ಹಾರದ ವಯಸ್ಸಾದ ಹೆಂಗಸೊಬ್ಬರಿದ್ದರು. ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಅಂದೆ. ಬೆಳಗಾದರೆ ಅವರ ಕೋಣೆಯಿಂದ ಕಸಬರಿಗೆಯ ಸದ್ದು. ಆಮೇಲೆ ಸ್ನಾನ, ನಮಾಜು, ವರಾಂಡದಲ್ಲಿ ಅತ್ತಿಂದಿತ್ತ ನಡಿಗೆ. ಅದು ಮುಗಿದರೆ ನನ್ನನ್ನು ಕೂಗುತ್ತಿದ್ದರು.

“ಏಳ ಮಗಳ, ಬಿಸಲ ಬಿದ್ದೈತಿ. ಕೂಸಿನ ತಲಿ ಬಾಚು, ನೀನೂ ಜಳಕ ಮಾಡು.”

“ಯಾರ ಬರ್ತಾರ್ರಿ ಖಾಲಾ ನಮ್ಮನ್ನ ನೋಡಾಕ?”

“ನಾನಿಲ್ಲೇನು?”

ಹಾಗೆ ಶುರುವಾಯಿತು. ಮಗಳು ಕಿಟಕಿಯ ಸರಳು ಹಿಡಿದು ಅವರ ಹಾಗೆ ಕೈ ಮೇಲೆತ್ತಿ ವ್ಯಾಯಾಮ ಮಾಡುವಳು. ನಾನು ನೆಲ ಒರೆಸುವೆ, ಬಟ್ಟೆ ಒಗೆದು ಹರವುವೆ. ಸಂಜೆ ಖಾಲಾ ಕೇಳುತ್ತಿದ್ದರು: “ಇವತ್ತ ಯಾವುದಕ್ಕ ಶುಕ್ರ ಹೇಳೂನು?” ದೇವರಿಗೆ ಕೃತಜ್ಞತೆ ಹೇಳುವುದು ಅದು. ಮಗಳು “ತತ್ತಿ ಕೊಟ್ರು!” ಎಂದು ಚೀರುವಳು. ಖಾಲಾ ನಳದ ನೀರಿಗೆ ಶುಕ್ರ ಹೇಳುವರು. ನನಗೆ ಮಾತ್ರ ಏನೂ ತೋಚುತ್ತಿರಲಿಲ್ಲ.

“ನಿಮಗ ಅಂಜಿಕಿನ ಇಲ್ಲೇನ್ರಿ?” ಎಂದು ಒಮ್ಮೆ ಸಿಟ್ಟಿನಿಂದಲೇ ಕೇಳಿದೆ.

“ಯಾಕಿಲ್ಲ? ಎದಿ ಹೊಡ್ಕೊಳ್ಳಾಕತ್ತೈತಿ,” ಎಂದರು. “ಡ್ಯಾಮ ಕಟ್ಟಿದಾಗ ನಮ್ಮ ಊರು ನೀರಾಗ ಹೋತಲ್ಲ, ತಗಡಿನ ಶೆಡ್ಡಿನಾಗ ಮೊದಲನೇ ದಿನ ನಾ ಅಳಕೋತ ಕುಂತಿದ್ದೆ. ಅವ್ವ ಎದ್ದು ಅಂಗಳ ಗುಡಸಾಕತ್ತಳು. ಯಾರ ಅಂಗಳ ಅದು? ಬರೇ ಕಲ್ಲು. ಆದರೂ ಆ ಸದ್ದಿಗೆ ನನ್ನ ಅಳು ನಿಂತಿತ್ತು,” ಎಂದರು.

ಒಂದು ಮಧ್ಯಾಹ್ನ ಮಗಳ ಮೈ ಕಾದ ಹಂಚಿನಂತಾಯಿತು. ಹೇಳಿದರೆ ಕೂಸನ್ನು ನನ್ನಿಂದ ಬಿಡಿಸಿಕೊಂಡು ಹೋಗುತ್ತಾರೆ ಎಂಬ ಭಯ... ನಾನು ಹಣೆಗೆ ಒದ್ದೆ ಬಟ್ಟೆ ಹಾಕುವುದನ್ನು ಕಿಟಕಿಯಿಂದ ಕಂಡ ಖಾಲಾನೇ ನರ್ಸನ್ನು ಕೂಗು ಎಂದರು. “ಜ್ವರ ಮುಚ್ಚಿಡಬಾರದವ್ವ, ಕರಿ.”

ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ತೊಟ್ಟು, ಪರೀಕ್ಷೆಗೆ ಮೂಗಿನ ದ್ರವ ತೆಗೆಯಲು ನರ್ಸ್ ಬಂದಾಗ ಮಗಳು ಕಿಟಾರನೆ ಕಿರುಚಿ ಮಂಚದ ಕೆಳಗೆ ನುಸುಳಿದಳು. ಎಳೆದಷ್ಟೂ ಒಳಕ್ಕೆ ಸರಿದಳು. ಆಗ ಆಚೆಯಿಂದ ಖಾಲಾ, “ನರ್ಸ್ ಬಾಯಾರ, ಮೊದಲ ನಂದು ತೆಗೀರಿ, ಕೂಸು ನೋಡ್ಲಿ,” ಎಂದರು. ಹೇಗೂ ಆ ವಾರ ಅವರದೂ ತೆಗೆಯಬೇಕಿತ್ತು. ನರ್ಸ್ ಒಪ್ಪಿ ಅಂಗಳದಲ್ಲಿ ಕುರ್ಚಿ ಹಾಕಿಸಿದರು. ಖಾಲಾ ಕೂತು ಮುಖ ಮೇಲೆತ್ತಿದರು. ಮೂಗಿನೊಳಗೆ ಕಡ್ಡಿ ಹೋದಾಗ ಕಣ್ಣಲ್ಲಿ ನೀರು ಬಂದರೂ ನಮ್ಮತ್ತ ಕೈ ಬೀಸಿದರು. ಮಂಚದ ಕೆಳಗಿನಿಂದ ಇಣುಕುತ್ತಿದ್ದವಳು ಮೆಲ್ಲಗೆ ಹೊರಗೆ ಬಂದಳು.

ಫಲಿತಾಂಶ ಬರುವವರೆಗೆ ನಾನು ಕಣ್ಣು ಮುಚ್ಚಲಿಲ್ಲ. ಜ್ವರ ತಾನಾಗಿ ಇಳಿಯಿತು. ಕೊನೆಗೆ ಮಗಳದು ನೆಗೆಟಿವ್ ಬಂತು. ಪಾಸಿಟಿವ್ ಬಂದದ್ದು ಖಾಲಾದು. ಒಂದು ಸೀನು ಕೂಡ ಸೀನದಿದ್ದ ಖಾಲಾ.

ಆಂಬುಲೆನ್ಸ್ ಬಂದಾಗ ಇಡೀ ಹಾಸ್ಟೆಲಿನ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ನನ್ನದೊಂದು ತೆರೆದಿತ್ತು. ಖಾಲಾ ಒಗೆದ ಸೀರೆ ಉಟ್ಟು, ತಲೆ ಬಾಚಿ, ಬಟ್ಟೆಯ ಗಂಟು ಹಿಡಿದಿದ್ದರು. ಅಂಗಳದ ನಡುವೆ ನಿಂತು ನನ್ನತ್ತ ತಿರುಗಿದರು.

“ಕೂಸಿಂದು ಛಲೋ ಬಂತಲ್ಲವ್ವ. ಇವತ್ತಿನ ಶುಕ್ರ ಅದ.”

ನಮ್ಮನ್ನು ಮನೆಗೆ ಕಳಿಸುವ ದಿನ ನರ್ಸ್ ಹೇಳಿದರು, ಖಾಲಾ ಆಸ್ಪತ್ರೆಯಲ್ಲೇ ತೀರಿಕೊಂಡರೆಂದು. ಮಣ್ಣು ಮಾಡುವಾಗ ಮಗನನ್ನೂ ದೂರ ನಿಲ್ಲಿಸಿದ್ದರಂತೆ...

ಬ್ಲೀಚಿಂಗ್ ಪುಡಿ ಹಾಕಿದ ಮರುದಿನವೇ ಬಸ್ಸು ಹತ್ತಿ ಕೊಲ್ಹಾರಕ್ಕೆ ಹೋದೆ. ಇಷ್ಟು ವರ್ಷ ಯಾಕೋ ಧೈರ್ಯ ಬಂದಿರಲಿಲ್ಲ. ಕೇಳುತ್ತಾ ಕೇಳುತ್ತಾ ಅವರ ಮಗನ ಮನೆ ಸಿಕ್ಕಿತು. ಚಹಾ ಕೊಟ್ಟು, ಮೊಬೈಲಿನಲ್ಲಿ ತಾಯಿಯ ಫೋಟೊ ತೆರೆದು ನನ್ನ ಕೈಗಿತ್ತರು. ಅಗಲ ಮುಖದ, ಹಲ್ಲು ಕಾಣುವಂತೆ ನಗುತ್ತಿದ್ದ ಯಾರೋ ಹೆಂಗಸು. ನನಗೆ ಗುರುತೇ ಸಿಗಲಿಲ್ಲ. ಅಲ್ಲಿದ್ದಷ್ಟು ದಿನವೂ ಅವರು ಮಾಸ್ಕ್ ಹಾಕಿರುತ್ತಿದ್ದರು, ಇಲ್ಲವೇ ಮೂಗಿನವರೆಗೆ ಸೆರಗು ಎಳೆದುಕೊಂಡಿರುತ್ತಿದ್ದರು. ಕಡ್ಡಿ ಹಾಕುವಾಗಲೂ ನರ್ಸಿನ ಕೈ ಅಡ್ಡವಿತ್ತು.

“ಇವ್ರ ಅಲ್ಲೇನ್ರಿ?” ಮಗ ಗಾಬರಿಯಿಂದ ಕೇಳಿದರು.

ಫೋಟೊದ ಕೆಳಗಿನ ಅರ್ಧವನ್ನು ಅಂಗೈಯಿಂದ ಮುಚ್ಚಿದೆ. ಕಣ್ಣುಗಳು ಉಳಿದವು.

“ಹೌದ್ರಿ,” ಎಂದೆ, “ಇವ್ರ.”