ಬೆಳೆಯುವ ಮಗುವಿಗೆಂದು ಕೊಂಡ ಕೋವಿ

ಮಗನ ಅಳತೆಯ ಕೋವಿಗೆ ನಾನೂರ ಎಂಬತ್ತು ಡಾಲರ್ ಕೊಟ್ಟೆ, ತೆರಿಗೆ ಬೇರೆ. ಅಮೆರಿಕದ ಈ ಲಿನ್‌ವುಡ್‌ನಲ್ಲಿ ಹಳೇ ಕಾರು ಕೊಂಡು ಮಾರಿಯೇ ಮನೆ ಕಟ್ಟಿದವನು ನಾನು. ಚೌಕಾಸಿ ಮಾಡದೆ ಕೊಂಡ ವಸ್ತು ಬಹುಶಃ ಇದೊಂದೇ. ಪಕ್ಕದಲ್ಲೇ ದೊಡ್ಡವರ ಅಳತೆಯದು ಮುನ್ನೂರಕ್ಕೆ ಇತ್ತು. ಹುಡುಗ ಹೇಗೂ ಬೆಳೆಯುತ್ತಾನಲ್ಲ ಎಂದು ಅಂಗಡಿಯವನು ನನ್ನ ಮಗನನ್ನು ನೋಡಿ ನಕ್ಕ. ಆಗಲೇ ಕೌಂಟರಿನ ಮೇಲಿಂದ ಕೋವಿಗೆ ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯಣ್ಣನ ಗ್ಯಾರೇಜಿನ ವಾಸನೆ ಅದು...

ಅಣ್ಣ ಹುಣಸೂರಿನ ಕಡೆಯವರು. ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಬೇಟೆಯ ಗೀಳು ಹತ್ತಿದ್ದು ಅಲ್ಲಿನ ಜೊತೆಗಾರರಿಂದ. ಅವರಷ್ಟು ಹುಷಾರಿನ ಮನುಷ್ಯನನ್ನು ನಾನು ನೋಡಿಲ್ಲ. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಕಾಡಿನಲ್ಲಿ ಬೇಲಿ ದಾಟುವ ಮೊದಲು ತೋಟಾ ತೆಗೆದು ನನಗೆ ತೋರಿಸಿಯೇ ದಾಟುವರು. ನನಗೆ ಕೋವಿ ಹಿಡಿಯಲು ಕಲಿಸಿದವರೂ ಅವರೇ.

ಅವರ ಮಗಳು ಬೇಟೆಯ ಪರವಾನಗಿಯ ಪರೀಕ್ಷೆ ಪಾಸಾದ ವರ್ಷ ಅವಳಿಗೊಂದು ಕೋವಿ ತಂದರು. ದೊಡ್ಡವರದು, ಗುಂಡು ಹಾರಿದೊಡನೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವಂಥದ್ದು. ಗ್ಯಾರೇಜಿನಲ್ಲಿ ಆ ಹುಡುಗಿ ಅದನ್ನು ಭುಜಕ್ಕೆ ಏರಿಸಿದಳು. ಕತ್ತು ಚಾಚಿದರೂ ಕೆನ್ನೆ ಭುಜಕ್ಕೆ ಆನಿಸುವ ಹಿಡಿಗೆ ತಾಗಲಿಲ್ಲ.

"ಅಪ್ಪಾ, ಇಟ್ಸ್ ಟೂ ಲಾಂಗ್."

"ಬೆಳೀತೀಯಲ್ಲ ಪುಟ್ಟಿ. ಇನ್ನೆರಡು ವರ್ಷಕ್ಕೆ ಕರೆಕ್ಟಾಗಿ ಕೂರತ್ತೆ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಬಿಡಲಿಲ್ಲ. "ನಿಮ್ಮಮ್ಮ ಸ್ಕೂಲ್ ಶೂನ ಎರಡು ಸೈಜ್ ದೊಡ್ಡದು ತಂದು ತುದೀಗೆ ಹತ್ತಿ ತುರುಕ್ತಿದ್ರಂತಲ್ಲ. ಇದಕ್ಕೇನ್ ತುರುಕ್ತೀರಿ?"

ಎಲ್ಲರೂ ನಕ್ಕೆವು. ನಗದೆ ಏನು ಮಾಡುವುದು? ಲಂಗದ ಅಂಚು ಒಳಕ್ಕೆ ಮಡಿಚಿ ಹೊಲಿಸಿ, ವರ್ಷವರ್ಷ ಬಿಚ್ಚುತ್ತ ಉಡಿಸಿದವರ ಮಕ್ಕಳು ನಾವು. ಬೆಳೆಯುವ ಮಗುವಿಗೆ ಸರಿಯಾದ ಅಳತೆಯದನ್ನು ತರುವುದು ನಮ್ಮಲ್ಲಿ ದುಂದು. ನಗದೆ ಇದ್ದವಳು ಹುಡುಗಿ ಒಬ್ಬಳೇ. ಅವಳು ಹಿಡಿಯನ್ನು ಕಂಕುಳಲ್ಲಿ ಇರುಕಿಕೊಂಡು ನೋಡಿದಳು. ಹಾಗೆ ಮಾತ್ರ ಬೆರಳು ಟ್ರಿಗರ್‌ಗೆ ಎಟುಕುತ್ತಿತ್ತು.

ನವೆಂಬರಿನಲ್ಲಿ ಮೂವರೂ ಬೆಟ್ಟದ ಕಡೆ ಹೋದೆವು. ಮಂಜು ನೆಲ ಬಿಟ್ಟು ಎದ್ದಿರಲಿಲ್ಲ. ಫೋನಿನ ಸಿಗ್ನಲ್ ಹಿಂದಿನ ತಿರುವಿನಲ್ಲೇ ಸತ್ತಿತ್ತು. ಚಳಿಗೆ ಹುಡುಗಿ ದಪ್ಪ ಜಾಕೆಟ್ ಹಾಕಿದ್ದಳು. ಭುಜದ ಮೇಲೆ ಅದರ ದಪ್ಪವೂ ಸೇರಿ, ಮೊದಲೇ ಉದ್ದವಾಗಿದ್ದ ಕೋವಿ ಇನ್ನೂ ಉದ್ದವಾಯಿತು. ಅಣ್ಣ ಅವಳ ಎಡಕ್ಕೆ, ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಕಲಿಸುವವರು ನಿಲ್ಲಬೇಕಾದ ಜಾಗ ಅದೇ. ನಾನು ಅವರ ಹಿಂದೆ ಇದ್ದೆ.

ಜರೀಗಿಡದ ಪೊದೆಯಿಂದ ಕಾಡುಕೋಳಿಯೊಂದು ಬರ್ರೆಂದು ಎದ್ದಿತು. "ಹೊಡಿ ಪುಟ್ಟಿ!" ಎಂದರು ಅಣ್ಣ, ಖುಷಿಯಿಂದ.

ಮೊದಲ ಗುಂಡು ಆಕಾಶಕ್ಕೆ ಹೋಯಿತು. ಅದರ ಒದೆತಕ್ಕೆ ಹಿಡಿ ಕಂಕುಳಿಂದ ಜಾರಿ, ಹುಡುಗಿ ಎಡಕ್ಕೆ ತಿರುಚಿಕೊಂಡು ಹಿಂದಕ್ಕೆ ಬಿದ್ದಳು. ಬೆರಳು ಇನ್ನೂ ಟ್ರಿಗರ್ ಮೇಲೇ ಇತ್ತು. ಎರಡನೇ ತೋಟಾ ತಾನಾಗಿ ಏರಿ ಕಾದಿತ್ತು...

ಅಣ್ಣನ ತೊಡೆಗೆ ನನ್ನ ಬೆಲ್ಟು ಬಿಗಿದೆ. ಜೀಪಿನವರೆಗೆ ಎಳೆದು ತಂದೆ. ಸಿಗ್ನಲ್ ಸಿಕ್ಕುವವರೆಗೆ ಓಡಿಸಿದೆ. ಅವರು ನನ್ನ ತೋಳು ಹಿಡಿದು ಹೇಳಿದ್ದು ಒಂದೇ ಮಾತು: "ಅವಳ್ಗೆ ಯಾರೂ ಏನೂ ಅನ್ಬೇಡಿ ಕಣಪ್ಪಾ. ಅಳತೆ ತಪ್ಪಿದ್ದು ನಂದು." ಆಂಬುಲೆನ್ಸಿನವರು ಎದುರಾಗುವ ಹೊತ್ತಿಗೆ ಕೈ ಸಡಿಲವಾಗಿತ್ತು.

ಆ ಮಾತನ್ನು ಹುಡುಗಿಗೆ ಅವತ್ತೇ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಅತ್ತಿಗೆ ಮನೆ ಮಾರಿ ತಂಗಿಯ ಊರಿಗೆ ಹೋದರು. ಈಗ ಆ ಹುಡುಗಿ ಕಾಲೇಜು ಮುಗಿಸಿದ್ದಾಳೆ. ಫೋನ್ ಮಾಡಿದರೆ "ಅಂಕಲ್, ಚೆನ್ನಾಗಿದೀನಿ" ಎಂದು ಬೇಗ ಇಟ್ಟುಬಿಡುತ್ತಾಳೆ. ಪಕ್ಕದ ಗ್ಯಾರೇಜಿನಲ್ಲಿ ಈಗ ಯಾರದೋ ಸೈಕಲ್ಲುಗಳಿವೆ. ಇಂಥ ಸಲಹೆ ಕೇಳಲು ಇದ್ದ ಒಬ್ಬ ಮನುಷ್ಯ ಇಲ್ಲ; ಆದ್ದರಿಂದ ನಾನೇ ಹೇಳುತ್ತಿದ್ದೇನೆ.

ಮಗುವನ್ನು ಮೊಲಕ್ಕೋ ಕಾಡುಕೋಳಿಗೋ ಕರೆದೊಯ್ಯುವವರು ಕೇಳಿ. ಅಂಗಡಿಗೆ ಮಗುವನ್ನೂ ಕರೆದುಕೊಂಡು ಹೋಗಿ, ಬೇಟೆಯ ಜಾಕೆಟ್ ಹಾಕಿಸಿಯೇ ಹೋಗಿ. ಖಾಲಿ ಕೋವಿಯ ಹಿಡಿಯ ತುದಿಯನ್ನು ಮೊಣಕೈ ಮಡಿಕೆಗೆ ಇಡಿಸಿ. ಬೆರಳು ಆರಾಮಾಗಿ ಟ್ರಿಗರ್ ಮುಟ್ಟಬೇಕು. ಆಮೇಲೆ ಭುಜಕ್ಕೆ ಏರಿಸಲಿ. ಬೆನ್ನು ಹಿಂದಕ್ಕೆ ಬಾಗಿದರೆ ಅದು ಬೇಡ. ಹನ್ನೆರಡರ ಬೋರಿನದು ಜೋರಾಗಿ ಒದೆಯುತ್ತದೆ; ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣದು, ಇಪ್ಪತ್ತರದು ಸಾಕು. ಒಂದು ಸಲಕ್ಕೆ ಒಂದೇ ತೋಟಾ ಹಿಡಿಸುವಂಥದ್ದನ್ನೇ ಕೇಳಿ. ಬೆಳೆದ ಮೇಲೆ ಚಿಕ್ಕದಾಗುತ್ತದೆ, ಆಗಲಿ. ಮಕ್ಕಳ ಅಳತೆಯದಕ್ಕೆ ಗಿರಾಕಿಗಳು ಯಾವಾಗಲೂ ಇರುತ್ತಾರೆ. ಮಾರಿ ಇನ್ನೊಂದು ಕೊಳ್ಳಿ.