ಗಾಳಿಯನ್ನು ಮರೆತ ಮೇಷ್ಟ್ರು

ನನ್ನ ಕೈಯಿಂದ ಜಾರಿ ಬೀಳದ ಪದಾರ್ಥ ಈ ಭೂಮಂಡಲದಲ್ಲಿ ಇನ್ನೂ ಸೃಷ್ಟಿಯಾಗಿಲ್ಲ. ನಿನ್ನೆಯಷ್ಟೇ ಮನೀಶ್ ನಗರದ ನಮ್ಮ ಮನೆಯ ಮೆಟ್ಟಿಲುಗಳ ಮೇಲೆ ಎರಡು ಕಿಲೋ ಕಿತ್ತಳೆ ಕೈಜಾರಿ, ಕೆಳಗಿನ ಮನೆಯವರ ಬಾಗಿಲು ತಟ್ಟಿದಾಗ ನನ್ನಾಕೆ, "ಸ್ಕೂಲಲ್ಲಿ ಮಾಡೋ ಪಾಠ ಸಾಲ್ದು ಅಂತ ಇಲ್ಲೂ ಶುರು ಮಾಡಿದ್ರಾ?" ಎಂದಳು. ಏನು ಮಾಡಲಿ, ಮೈಸೂರಿನಿಂದ ನಾಗಪುರಕ್ಕೆ ಬಂದು ಇಪ್ಪತ್ತು ವರ್ಷಗಳಿಂದ ನಾನು ಬೋಧಿಸುತ್ತಿರುವುದೂ ವಸ್ತುಗಳ ಪತನವನ್ನೇ!

ಆದರೆ ಮಿತ್ರರೇ, ಈ ವರ್ಷದ ಮಹಾಪತನ ನನ್ನದೇ. ಹನ್ನೊಂದನೇ ತರಗತಿಗೆ ಹೊಸದಾಗಿ ಸೇರಿದ ಸ್ನೇಹಾ ಧಾರವಾಡದ ಕಡೆಯವಳು. ತಂದೆ ವಾಯುಪಡೆಯಲ್ಲಿರುವುದರಿಂದ ಊರೂರು ಸುತ್ತಿದವಳು. ಕಲ್ಲು ಮತ್ತು ಎಲೆಯಲ್ಲಿ ಮೊದಲು ಬೀಳುವುದು ಯಾವುದೆಂದು ಕೇಳಿದೆ. ಮಿಕ್ಕವರೆಲ್ಲ ಗಿಳಿಪಾಠದಂತೆ "ಎರಡೂ ಒಟ್ಟಿಗೆ" ಎಂದರೆ, ಇವಳೊಬ್ಬಳು "ಕಲ್ಲು" ಎಂದಳು. ನಾನು ನಕ್ಕೆ. ಮೇಷ್ಟ್ರು ನಕ್ಕ ಮೇಲೆ ತರಗತಿ ಸುಮ್ಮನಿರುತ್ತದೆಯೇ? ವಾರದೊಳಗೆ ಹುಡುಗಿ, ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋಗುವ ಅರ್ಜಿಯನ್ನು ನನ್ನ ಸಹಿಗೆ ತಂದಳು. "ಸೋಮವಾರ ನೋಡೋಣಮ್ಮ" ಎಂದು ಹೇಡಿಯಂತೆ ಜಾರಿಕೊಂಡೆ.

ಆ ಸೋಮವಾರವೇ ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ, ತೆರೆಯ ಮೇಲೆ ಮಕ್ಕಳು ತಾವೇ ವಸ್ತುಗಳನ್ನು ಬೀಳಿಸಿ ನೋಡುವ ಹೊಸ ಪಾಠದ ಉದ್ಘಾಟನೆ. ಅಬ್ಬಬ್ಬಾ, ಆ ಗದ್ದಲ! ಒಬ್ಬ ಗುರುಗ್ರಹದಲ್ಲಿ ಆನೆಯನ್ನೇ ಕೆಡವಿದ, ಇನ್ನೊಬ್ಬಳು "ಅರೇ, ಜಲ್ದಿ ಚಂದ್ರಾವರ್ ಚಲ್!" ಎಂದು ಗೆಳತಿಯನ್ನು ಚಂದ್ರಲೋಕಕ್ಕೆ ಎಳೆದೊಯ್ದಳು, ತಲೆ ನರೆತ ನಾನೂ ಒಬ್ಬ ಹುಡುಗನ ಕೈಯಿಂದ ಮೌಸ್ ಕಿತ್ತುಕೊಂಡೆನೆಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ಸ್ನೇಹಾ ಮಾತ್ರ ಮೂಲೆಯಲ್ಲಿ ಕೂತು ಗಾಳಿಯನ್ನು ಸೊನ್ನೆಗಿಳಿಸಿ ಕಲ್ಲು-ಎಲೆಗಳನ್ನು ಬಿಡುವಳು, ಎರಡೂ ಒಟ್ಟಿಗೆ ಬೀಳುವವು; ಗಾಳಿ ತುಂಬಿಸಿ ಮತ್ತೆ ಬಿಡುವಳು, ಕಲ್ಲೇ ಮೊದಲು. ಎಷ್ಟು ಸಲ ಮಾಡಿದರೂ ಆ ಯಂತ್ರ ಅವಳನ್ನು ನೋಡಿ ನಗಲಿಲ್ಲ. ಇದ್ದಕ್ಕಿದ್ದಂತೆ ಎದ್ದು ನಿಂತಳು:

"ಸರ್ರ, ಹವಾ ಇದ್ರ ನಾ ಹೇಳಿದ್ದು ಬರೋಬರ್ ಐತಲ್ರೀ!"

ಬರೋಬರ್ ಅಲ್ಲದೆ ಮತ್ತೇನು! ತಲೆಯ ಮೇಲೆ ಫ್ಯಾನು ಗಿರಗಿರನೆ ತಿರುಗುವಾಗಲೇ ಇಪ್ಪತ್ತು ವರ್ಷ ಗಾಳಿಯನ್ನು ಮರೆತು ಪಾಠ ಮಾಡಿದವನು ನಾನು. "ತಪ್ಪು ನಂದಮ್ಮ. ಅವತ್ತು ನಾನು ನಗಬಾರದಿತ್ತು" ಎಂದೆ, ಇಡೀ ತರಗತಿಗೆ ಕೇಳುವಂತೆ.

ಅವಳು ಚೀಲದಿಂದ ಆ ಅರ್ಜಿ ತೆಗೆದು, ಬಿಡಿಸಿ ಕೈಬಿಟ್ಟಳು. ಅದು ತೇಲುತ್ತಾ ಓಲಾಡುತ್ತಾ ಇಳಿಯಿತು. ಎತ್ತಿಕೊಂಡು ಉಂಡೆ ಮಾಡಿದಳು. "ಈಗ ನೀವೂ ನಿಮ್ಮ ಕಿಸೆದಾಗಿನ ಚಾಕ್ ಬಿಡ್ರಿ ಸರ್ರ."

ಜೀವಮಾನದಲ್ಲಿ ನಾನು ಬೇಕೆಂದೇ ಕೈಬಿಟ್ಟ ವಸ್ತು ಅದೊಂದೇ. ಅವಳ ಕಾಗದದುಂಡೆ, ನನ್ನ ಚಾಕ್ ಎರಡೂ ಒಟ್ಟಿಗೆ ನೆಲ ಮುಟ್ಟಿದವು. ನಾನು ಬಗ್ಗಿ ಚಾಕ್ ಎತ್ತಿಕೊಂಡೆ. ಅರ್ಜಿಯನ್ನು ಅವಳು ಎತ್ತಿಕೊಳ್ಳಲಿಲ್ಲ.